ಹಬ್, ಕಂಟ್ರೋಲರ್, ಬ್ರೇಕರ್: ಸ್ಪರ್ಧೆಯ ರೋಬೋಟ್‌ಗೆ ಬೇಕಾದ ವಿದ್ಯುತ್ ಸಾಮಗ್ರಿಗಳ ವಿಮರ್ಶೆ

ಎಫ್‌ಆರ್‌ಸಿ ಎಂದೇ ಪರಿಚಿತವಾಗಿರುವ ಫಸ್ಟ್ ರೊಬಾಟಿಕ್ಸ್ ಕಾಂಪಿಟಿಷನ್‌ಗೆ ರೋಬೋಟ್ ಕಟ್ಟುವ ತಂಡಗಳಿಗಾಗಿ ರೆವ್ ರೊಬಾಟಿಕ್ಸ್ ಸಂಸ್ಥೆ ಒದಗಿಸುವ ಸಾಮಗ್ರಿಗಳಲ್ಲಿ ಮೂರನ್ನು ಈ ವಿಮರ್ಶೆಗೆ ಎತ್ತಿಕೊಂಡಿದ್ದೇನೆ: ಬ್ಯಾಟರಿಯ ವಿದ್ಯುತ್ತನ್ನು ಕವಲುಗಳಾಗಿ ಹಂಚುವ ಪವರ್ ಡಿಸ್ಟ್ರಿಬ್ಯೂಷನ್ ಹಬ್, ಮೋಟಾರನ್ನು ನಡೆಸುವ ಸ್ಪಾರ್ಕ್ ಮ್ಯಾಕ್ಸ್ ಕಂಟ್ರೋಲರ್, ಮತ್ತು ಪ್ರತಿ ದೊಡ್ಡ ಕವಲಿನಲ್ಲೂ ಕೂರುವ, ಕಾದಾಗ ಟ್ರಿಪ್ ಆಗಿ ತಣಿದಾಗ ತಾನಾಗಿಯೇ ಮರಳಿ ಕೂಡಿಕೊಳ್ಳುವ ಎಟಿಒ ಎಂಬ ಬ್ಲೇಡ್ ಫ್ಯೂಸ್ ಅಳತೆಯ ಬ್ರೇಕರ್. ಮೂರೂ ಚೆನ್ನಾಗಿ ಮಾಡಿದ ವಸ್ತುಗಳು. ಆದರೆ ಇವುಗಳಲ್ಲಿ ಯಾವುದು ಯಾವುದನ್ನು ಕಾಯುತ್ತದೆ ಎಂಬ ವಿಷಯದಲ್ಲಿ ಕೊಳ್ಳುವವರ ಕಲ್ಪನೆ ಅನೇಕ ಸಲ ತಪ್ಪಾಗಿರುತ್ತದೆ. ಮೋಟಾರ್ ಸುಟ್ಟುಹೋದಾಗ ಬ್ರೇಕರನ್ನು ದೂರುವುದು, ಬ್ರೇಕರ್ ಪದೇಪದೇ ಟ್ರಿಪ್ ಆದಾಗ ಹಬ್ಬನ್ನು ದೂರುವುದು, ಎರಡೂ ಆ ಕಲ್ಪನೆಯಿಂದಲೇ ಹುಟ್ಟುತ್ತವೆ. ಹಾಗಾಗಿ ಹಬ್‌ನ ಹೊರಮೈಯ ವರ್ಣನೆಯನ್ನು ಬೇಗ ಮುಗಿಸಿ, ಬ್ರೇಕರ್ ಮತ್ತು ಕಂಟ್ರೋಲರ್‌ಗಳ ಸಂಬಂಧಕ್ಕೆ ಹೆಚ್ಚು ಜಾಗ ಕೊಡುತ್ತೇನೆ.

2022ರ ಸ್ಪರ್ಧೆಯ ಹೊತ್ತಿಗೆ ಬಳಕೆಗೆ ಬಂದ ಈ ಹಬ್‌ನಲ್ಲಿ ಒಟ್ಟು 24 ಕವಲುಗಳಿವೆ. ಅವುಗಳಲ್ಲಿ 20 ಕವಲುಗಳು ತಲಾ 40 ಆಂಪಿಯರ್‌ವರೆಗಿನ ಬ್ರೇಕರ್‌ಗಳನ್ನು ಒಪ್ಪುತ್ತವೆ; ಉಳಿದ 4 ಕವಲುಗಳು 15 ಆಂಪಿಯರ್ ಮಿತಿಯವು, ಅವುಗಳಲ್ಲೊಂದನ್ನು ಪ್ರೋಗ್ರಾಂ ಮೂಲಕ ಹೊತ್ತಿಸಿ ಆರಿಸಬಹುದು. 2015ರಿಂದ ಬಳಕೆಯಲ್ಲಿದ್ದ ಕ್ರಾಸ್ ದ ರೋಡ್ ಎಲೆಕ್ಟ್ರಾನಿಕ್ಸ್‌ನ ಪವರ್ ಡಿಸ್ಟ್ರಿಬ್ಯೂಷನ್ ಪ್ಯಾನೆಲ್‌ನಲ್ಲಿ 16 ಮುಖ್ಯ ಕವಲುಗಳಿದ್ದು, ಅವುಗಳಲ್ಲಿ 8 ಮಾತ್ರ 40 ಆಂಪಿಯರ್‌ನವು, ಉಳಿದ 8 ಕವಲುಗಳಿಗೆ 30 ಆಂಪಿಯರ್ ಮಿತಿ ಇತ್ತು. ಈ ವ್ಯತ್ಯಾಸದ ನಿಜವಾದ ಬೆಲೆ ತಿಳಿಯುವುದು ಸ್ವರ್ವ್ ಡ್ರೈವ್, ಅಂದರೆ ಪ್ರತಿ ಚಕ್ರದ ದಿಕ್ಕನ್ನೂ ಬೇರೆಬೇರೆಯಾಗಿ ತಿರುಗಿಸಬಲ್ಲ ಚಾಲನಾ ವ್ಯವಸ್ಥೆ, ಕಟ್ಟುವವರಿಗೆ. ನಾಲ್ಕು ಚಕ್ರಗಳನ್ನು ಓಡಿಸಲು ನಾಲ್ಕು ಮೋಟಾರ್, ಅವುಗಳನ್ನು ತಿರುಗಿಸಲು ಇನ್ನು ನಾಲ್ಕು ಎಂದಾಗ ಹಳೆಯ ಪ್ಯಾನೆಲ್‌ನ ದೊಡ್ಡ ಕವಲುಗಳೆಲ್ಲ ಅಲ್ಲಿಗೇ ತೀರಿಹೋಗುತ್ತಿದ್ದವು, ಎತ್ತುವ ಮತ್ತು ಎಸೆಯುವ ಯಂತ್ರಭಾಗಗಳು ಚಿಕ್ಕ ಕವಲುಗಳಲ್ಲೇ ತೃಪ್ತಿಪಡಬೇಕಾಗುತ್ತಿತ್ತು. ಹೊಸ ಹಬ್‌ನಲ್ಲಿ ಅದೇ ಡ್ರೈವ್ ಕಟ್ಟಿದರೂ 12 ದೊಡ್ಡ ಕವಲುಗಳು ಉಳಿಯುತ್ತವೆ. ಎರಡು ಗಾತ್ರದ ಬ್ರೇಕರ್‌ಗಳನ್ನು ಕೂಡಿಟ್ಟುಕೊಳ್ಳುವ ತಾಪತ್ರಯವೂ ದೊಡ್ಡ ಕವಲುಗಳ ಮಟ್ಟಿಗೆ ಇಲ್ಲವಾಗಿದೆ, ಏಕೆಂದರೆ 20, 30, 40 ಆಂಪಿಯರ್‌ಗಳ ಬ್ರೇಕರ್‌ಗಳು ಒಂದೇ ಅಳತೆಯ ಕುಳಿಯಲ್ಲಿ ಕೂರುತ್ತವೆ. ಇದರಲ್ಲೇ ಒಂದು ಅಪಾಯವೂ ಅಡಗಿದೆ: 18 ಗೇಜ್‌ನ ಸಣ್ಣ ವೈರ್ ಜೋಡಿಸಿದ ಕವಲಿಗೆ ಅವಸರದಲ್ಲಿ 40ರ ಬ್ರೇಕರ್ ಒತ್ತಿಬಿಟ್ಟರೆ ಕುಳಿ ಅದನ್ನು ತಡೆಯುವುದಿಲ್ಲ. ಕವಲಿನ ಪಕ್ಕದಲ್ಲೇ ಅಂಕಿ ಬರೆದ ಚೀಟಿ ಅಂಟಿಸುವುದು ಅನಿವಾರ್ಯ.

ವೈರ್ ಸಿಕ್ಕಿಸಲು ಸ್ಕ್ರೂಡ್ರೈವರ್ ಬೇಕಿಲ್ಲ. ಸಣ್ಣ ಲಿವರನ್ನು ಬೆರಳಿನಿಂದ ಎತ್ತಿ, ಸುಲಿದ ತುದಿಯನ್ನು ಒಳಗಿಟ್ಟು, ಲಿವರ್ ಮುಚ್ಚಿದರೆ ಕೆಲಸ ಮುಗಿಯಿತು. ಎರಡು ಪಂದ್ಯಗಳ ನಡುವಿನ ಅವಸರದಲ್ಲಿ ಕಂಟ್ರೋಲರ್ ಬದಲಿಸುವವರಿಗೆ ಇದು ದೊಡ್ಡ ಅನುಕೂಲ. ಆದರೆ ಸುಲಭವಾಗಿ ಮುಚ್ಚುವ ಲಿವರ್, ಒಳಗಿನ ಹಿಡಿತ ಸರಿಯಾಗಿದೆಯೇ ಇಲ್ಲವೇ ಎಂಬುದನ್ನು ಕೈಗೆ ತಿಳಿಸುವುದಿಲ್ಲ. ತುದಿಯನ್ನು ಕಡಿಮೆ ಸುಲಿದಿದ್ದರೆ ಹಿಡಿಕೆ ತಾಮ್ರವನ್ನು ಬಿಟ್ಟು ಹೊದಿಕೆಯನ್ನೇ ಕಚ್ಚಿಕೊಂಡು ಕೂರಬಹುದು; ಹೆಚ್ಚು ಸುಲಿದಿದ್ದರೆ ಬರಿಯ ತಾಮ್ರ ಹೊರಗೆ ಇಣುಕುತ್ತದೆ. ಎಳೆಗಳು ಹರಡದಂತೆ ಫೆರೂಲ್ ಎಂಬ ಪುಟ್ಟ ಲೋಹದ ಕೊಳವೆ ಹಾಕಿ ಕ್ರಿಂಪ್ ಮಾಡುವುದು, ಅಂದರೆ ಉಪಕರಣದಿಂದ ಅದನ್ನು ಒತ್ತಿ ಬಿಗಿಯುವುದು, ಒಳ್ಳೆಯದು. ತುದಿಗೆ ಬೆಸುಗೆ ಸವರಿ ಗಟ್ಟಿ ಮಾಡುವ ಅಭ್ಯಾಸವನ್ನು ಮಾತ್ರ ಇಲ್ಲಿ ಬಿಡಬೇಕು, ಏಕೆಂದರೆ ಬೆಸುಗೆಯ ಲೋಹ ಒತ್ತಡದ ಕೆಳಗೆ ದಿನ ಕಳೆದಂತೆ ನಿಧಾನವಾಗಿ ಜಗ್ಗುತ್ತದೆ, ಮೊದಲ ದಿನ ಬಿಗಿಯಾಗಿದ್ದ ಹಿಡಿತ ಆಮೇಲೆ ಸಡಿಲವಾಗುತ್ತದೆ. ಹಬ್‌ನ ಮೇಲೆಯೇ ಬ್ಯಾಟರಿಯ ವೋಲ್ಟೇಜ್ ತೋರಿಸುವ ಪರದೆ ಇದೆ, ಕವಲುಗಳ ದೋಷವನ್ನು ಕೆಂಪು ಬೆಳಕಿನಿಂದ ತೋರಿಸುವ ವ್ಯವಸ್ಥೆ ಇದೆ, ಪ್ರತಿ ಕವಲಿನಲ್ಲಿ ಹರಿಯುವ ಕರೆಂಟ್ ಎಷ್ಟೆಂಬುದನ್ನು ರೋಬೋಟ್‌ನ ಭಾಗಗಳ ನಡುವೆ ಮಾಹಿತಿ ಸಾಗಿಸುವ ಕ್ಯಾನ್ ಜಾಲ ಅಥವಾ ಯುಎಸ್‌ಬಿ-ಸಿ ಮೂಲಕ ಓದಿಕೊಳ್ಳಬಹುದು. ಈ ಕೊನೆಯದನ್ನು ಬಳಸದೆ ಬ್ರೇಕರ್ ಆರಿಸುವುದು ಕತ್ತಲಲ್ಲಿ ಕೈಯಾಡಿಸಿದಂತೆ.

ಇನ್ನು ಬ್ರೇಕರ್. ಇದರ ಒಳಗೆ ಎರಡು ಬೇರೆಬೇರೆ ಲೋಹಗಳನ್ನು ಬೆಸೆದ ಪಟ್ಟಿ ಇರುತ್ತದೆ. ಕರೆಂಟ್ ಹರಿದು ಪಟ್ಟಿ ಬಿಸಿಯಾದಾಗ ಎರಡು ಲೋಹಗಳು ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗಿ, ಪಟ್ಟಿ ಬಾಗಿ, ಸಂಪರ್ಕ ಕಡಿಯುತ್ತದೆ. ತಣಿದ ಮೇಲೆ ಪಟ್ಟಿ ಹಿಂದಿನ ಆಕಾರಕ್ಕೆ ಬಂದು ಸಂಪರ್ಕ ಮತ್ತೆ ಕೂಡುತ್ತದೆ. ಸುಮಾರು ಎರಡೂವರೆ ನಿಮಿಷದ ಪಂದ್ಯದಲ್ಲಿ ಯಾರೂ ಅಂಗಣಕ್ಕಿಳಿದು ಫ್ಯೂಸ್ ಬದಲಿಸಲಾಗದ ಕಾರಣ ಈ ಗುಣ ಅಲ್ಲಿ ಬೇಕೇಬೇಕು. ಆದರೆ ಇಡೀ ಕ್ರಿಯೆ ಶಾಖವನ್ನು ಅವಲಂಬಿಸಿರುವುದರಿಂದ, 40 ಎಂದು ಬರೆದ ಬ್ರೇಕರ್ 41 ಆಂಪಿಯರ್‌ಗೆ ತಟ್ಟನೆ ಕಡಿಯುತ್ತದೆ ಎಂದು ಭಾವಿಸಬಾರದು. ಅದರ ಎರಡರಷ್ಟು ಕರೆಂಟನ್ನೂ ಅದು ಕೆಲವು ಸೆಕೆಂಡುಗಳ ಕಾಲ ಸುಮ್ಮನೆ ಹರಿಯಬಿಡಬಲ್ಲದು. ರೋಬೋಟ್ ನಿಂತಲ್ಲಿಂದ ಮುಂದಕ್ಕೆ ಚಿಮ್ಮುವಾಗ ಬರುವ ಕ್ಷಣಿಕ ಏರಿಕೆಯನ್ನು ಅದು ಗಮನಿಸುವುದೇ ಇಲ್ಲ. ಅದೇ ಬ್ರೇಕರ್ ಹಿಂದಿನ ಪಂದ್ಯದ ಬಿಸಿಯನ್ನು ಇನ್ನೂ ಉಳಿಸಿಕೊಂಡಿದ್ದರೆ, ಅಥವಾ ಅಕ್ಕಪಕ್ಕದ ಕುಳಿಗಳಲ್ಲಿರುವ ಬ್ರೇಕರ್‌ಗಳೂ ಕಾದಿದ್ದರೆ, ಮೊದಲಿಗಿಂತ ಬೇಗ ಟ್ರಿಪ್ ಆಗುತ್ತದೆ. ಬೆಳಗಿನ ಪಂದ್ಯದಲ್ಲಿ ಸರಿಯಾಗಿ ನಡೆದ ಯಂತ್ರಭಾಗ ಸಂಜೆಯ ನಿರ್ಣಾಯಕ ಪಂದ್ಯಗಳಲ್ಲಿ, ವಿರಾಮ ಕಡಿಮೆಯಾದಾಗ, ನಡುವೆಯೇ ನಿಂತುಬಿಡುವುದಕ್ಕೆ ಹಲವು ಸಲ ಇದೇ ಕಾರಣ. ಡ್ರೈವ್ ಮೋಟಾರ್‌ಗಳ ನಾಲ್ಕು ಬ್ರೇಕರ್‌ಗಳನ್ನು ಒತ್ತೊತ್ತಾಗಿ ಕೂರಿಸುವ ಬದಲು, ನಡುವೆ ಕಡಿಮೆ ಕರೆಂಟಿನ ಕವಲುಗಳನ್ನು ಬಿಟ್ಟು ಹಂಚಿ ಕೂರಿಸುವುದು ಲೇಸು.

ಬ್ರೇಕರ್ ಕಾಯುವುದು ವೈರನ್ನು. ಸ್ಪರ್ಧೆಯ ನಿಯಮಗಳು ಬ್ರೇಕರ್‌ನ ಅಂಕಿಯನ್ನು ವೈರಿನ ಗೇಜ್‌ಗೆ ಕಟ್ಟಿಹಾಕಿರುವುದು ಇದೇ ಕಾರಣಕ್ಕೆ: 40 ಆಂಪಿಯರ್ ಕವಲಿಗೆ ಕನಿಷ್ಠ 12 ಗೇಜ್, 30ಕ್ಕೆ 14 ಗೇಜ್, 20ಕ್ಕೆ 18 ಗೇಜ್. ಗೇಜ್ ಅಂಕಿ ಹೆಚ್ಚಿದಂತೆ ವೈರ್ ತೆಳುವಾಗುತ್ತದೆ ಎಂಬುದನ್ನು ಹೊಸಬರು ನೆನಪಿಡಬೇಕು. 12 ಗೇಜ್ ತಾಮ್ರದ ವೈರಿನ ರೋಧ ಮೀಟರ್‌ಗೆ ಸುಮಾರು 5.2 ಮಿಲಿಓಮ್, 14 ಗೇಜ್‌ನದು 8.3, 18 ಗೇಜ್‌ನದು 21. ಹಬ್‌ನಿಂದ ಕಂಟ್ರೋಲರ್ ಒಂದು ಮೀಟರ್ ದೂರದಲ್ಲಿದ್ದರೆ ಹೋಗಿಬರುವ ದಾರಿ ಎರಡು ಮೀಟರ್ ಆಗುತ್ತದೆ. ಅದರಲ್ಲಿ 40 ಆಂಪಿಯರ್ ಹರಿದಾಗ 12 ಗೇಜ್‌ನಲ್ಲಿ ಸುಮಾರು 0.4 ವೋಲ್ಟ್ ಮತ್ತು 17 ವಾಟ್ ಶಾಖವಾಗಿ ಕಳೆದುಹೋಗುತ್ತದೆ. ಅದೇ ಕೆಲಸಕ್ಕೆ 18 ಗೇಜ್ ಹಾಕಿದರೆ ನಷ್ಟ 1.7 ವೋಲ್ಟ್, 67 ವಾಟ್. ಇಷ್ಟು ಶಾಖ ತೆಳುವಾದ ಹೊದಿಕೆಯೊಳಗೆ ಕೂಡಿಕೊಂಡರೆ ಹೊದಿಕೆ ಮೆತ್ತಗಾಗಿ ಕರಗಲು ಹೆಚ್ಚು ಹೊತ್ತು ಬೇಕಿಲ್ಲ. ಬೇಕಾದುದಕ್ಕಿಂತ ದಪ್ಪ ವೈರ್ ಹಾಕುವುದಕ್ಕೆ ಅಡ್ಡಿಯಿಲ್ಲ, ಸ್ವಲ್ಪ ತೂಕ ಹೆಚ್ಚುತ್ತದೆ ಅಷ್ಟೆ. ಬ್ರೇಕರ್ ಪದೇಪದೇ ಟ್ರಿಪ್ ಆಗುತ್ತಿದೆಯೆಂದು ವೈರನ್ನು ಹಾಗೆಯೇ ಬಿಟ್ಟು ಬ್ರೇಕರನ್ನಷ್ಟೇ ದೊಡ್ಡದು ಮಾಡುವುದು ನಿಯಮಕ್ಕೂ ವಿರುದ್ಧ, ವಿವೇಕಕ್ಕೂ ವಿರುದ್ಧ.

ಹಾಗಾದರೆ ಮೋಟಾರನ್ನು ಕಾಯುವವರು ಯಾರು? ಇಲ್ಲಿ ಸ್ಪಾರ್ಕ್ ಮ್ಯಾಕ್ಸ್‌ನ ಪಾತ್ರ ಬರುತ್ತದೆ. ನಿರಂತರವಾಗಿ 60 ಆಂಪಿಯರ್, ಎರಡು ಸೆಕೆಂಡುಗಳ ಮಟ್ಟಿಗೆ 100 ಆಂಪಿಯರ್ ತಾಳಬಲ್ಲದು ಎಂದು ಇದರ ತಾಂತ್ರಿಕ ವಿವರಣೆ ಹೇಳುತ್ತದೆ. 40ರ ಬ್ರೇಕರ್ ಹಿಂದೆ 60ರ ಕಂಟ್ರೋಲರ್ ಏಕೆ ಎಂದು ಕೇಳಬಹುದು. ಬ್ರೇಕರ್ ಇರುವುದು ಬ್ಯಾಟರಿಯ ಕಡೆಯಲ್ಲಿ, ಕಂಟ್ರೋಲರ್ ತಾಳಬೇಕಾದ ಕರೆಂಟ್ ಮೋಟಾರ್‌ನ ಕಡೆಯದು. ಈ ಎರಡು ಒಂದೇ ಅಲ್ಲ. ಕಂಟ್ರೋಲರ್ ಬ್ಯಾಟರಿಯ ವೋಲ್ಟೇಜನ್ನು ಅತಿವೇಗವಾಗಿ ಕಡಿದು ಕಡಿದು ಮೋಟಾರಿಗೆ ಕೊಡುತ್ತದೆ. ಅರ್ಧ ಪ್ರಮಾಣದಲ್ಲಿ ಕೊಡುವಾಗ ಮೋಟಾರಿನಲ್ಲಿ 60 ಆಂಪಿಯರ್ ಸುತ್ತುತ್ತಿದ್ದರೂ ಬ್ಯಾಟರಿಯಿಂದ ಬರುವುದು ಸುಮಾರು 30 ಮಾತ್ರ.

ಇದರ ಪರಿಣಾಮವನ್ನು ರೆವ್‌ನದೇ ಬ್ರಷ್‌ಲೆಸ್ ಮೋಟಾರ್ ಆದ ನಿಯೋದ ಉದಾಹರಣೆಯಲ್ಲಿ ನೋಡೋಣ. 12 ವೋಲ್ಟ್‌ನಲ್ಲಿ ಅದರ ಸ್ಟಾಲ್ ಕರೆಂಟ್, ಅಂದರೆ ತಿರುಗದಂತೆ ಹಿಡಿದಾಗ ಎಳೆಯುವ ಕರೆಂಟ್, 105 ಆಂಪಿಯರ್. ಹಾಗೆಂದರೆ ಅದರ ರೋಧ ಸುಮಾರು 0.114 ಓಮ್. ಕಂಟ್ರೋಲರ್‌ನಲ್ಲಿ 40 ಆಂಪಿಯರ್ ಮಿತಿ ಇಟ್ಟು, ಎತ್ತುವ ತೋಳು ಎಲ್ಲೋ ಸಿಕ್ಕಿಕೊಂಡು ಮೋಟಾರ್ ನಿಂತುಬಿಟ್ಟಿತೆನ್ನಿ. 40 ಆಂಪಿಯರ್ ಹರಿಸಲು ಸುಮಾರು 4.6 ವೋಲ್ಟ್ ಸಾಕು, ಮೋಟಾರಿನೊಳಗೆ 183 ವಾಟ್ ಪೂರ್ತಿ ಶಾಖವಾಗುತ್ತಿರುತ್ತದೆ, ಆದರೆ ಬ್ಯಾಟರಿಯ ಕಡೆಯಿಂದ ನೋಡಿದರೆ ಅದು 15 ಆಂಪಿಯರ್‌ನ ಸಾಧಾರಣ ಹೊರೆ. 40ರ ಬ್ರೇಕರ್ ಇದನ್ನು ಪಂದ್ಯ ಮುಗಿಯುವವರೆಗೂ ನೋಡುತ್ತಲೇ ಇರುತ್ತದೆ, ಟ್ರಿಪ್ ಆಗುವುದಿಲ್ಲ. ಮಿತಿಯನ್ನೇ ಇಡದಿದ್ದರೆ ಬ್ರೇಕರ್ ಕೊನೆಗೊಮ್ಮೆ ಕಡಿಯುತ್ತದೆ ನಿಜ. ಆದರೆ 775ಪ್ರೋ ತರಹದ ಸಣ್ಣ ಬ್ರಷ್ ಮೋಟಾರ್ 134 ಆಂಪಿಯರ್ ಸ್ಟಾಲ್ ಕರೆಂಟಿನಲ್ಲಿ ಹೊಗೆಯಾಡಿದ ಮೇಲೆ ಬ್ರೇಕರ್ ಕಡಿದರೆ, ಕೋಟೆ ಸೂರೆಹೋದ ಮೇಲೆ ಊರ ಬಾಗಿಲು ಹಾಕಿದ ಹಾಗೆ.

ಸ್ಪಾರ್ಕ್ ಮ್ಯಾಕ್ಸ್‌ನ ಕರೆಂಟ್ ಮಿತಿಯ ಸೌಲಭ್ಯವನ್ನು ನಾನು ಅದರ ಅತ್ಯಂತ ಬೆಲೆಯುಳ್ಳ ಗುಣವೆಂದು ಎಣಿಸುವುದು ಇದಕ್ಕೇ. ಆದರೆ ಪೆಟ್ಟಿಗೆಯಿಂದ ತೆಗೆದಾಗ ಈ ಮಿತಿ 80 ಆಂಪಿಯರ್‌ಗೆ ನಿಂತಿರುತ್ತದೆ, ಅದು ನನ್ನ ಎಣಿಕೆಯಲ್ಲಿ ಯಾವ ಮೋಟಾರಿಗೂ ಒಪ್ಪುವಂಥದ್ದಲ್ಲ. ಚಕ್ರ ಓಡಿಸುವ ನಿಯೋಗೆ 40ರಿಂದ 60ರ ನಡುವೆ, ಸಿಕ್ಕಿಕೊಳ್ಳುವ ಸಂಭವವಿರುವ ತೋಳಿಗೆ 40 ಅಥವಾ ಅದಕ್ಕಿಂತ ಕಡಿಮೆ, ಪುಟ್ಟ ನಿಯೋ 550ಕ್ಕೆ 20 ಎಂದು ಆರಂಭಿಸಿ, ಆಮೇಲೆ ಹಬ್‌ನ ದಾಖಲೆಗಳನ್ನು ನೋಡಿ ತಿದ್ದುವುದು ಸರಿ. ನಿಯೋ 550ರ ಸ್ಟಾಲ್ ಕರೆಂಟ್ 100 ಆಂಪಿಯರ್, ದೊಡ್ಡ ನಿಯೋಗೆ ಬಹಳ ಹತ್ತಿರದ ಅಂಕಿ. ಆದರೆ ಆ ಶಾಖವನ್ನು ಹೀರಿಕೊಳ್ಳಲು ಅದರಲ್ಲಿರುವ ಲೋಹ ಬಹಳ ಕಡಿಮೆ. ಕರೆಂಟನ್ನು 40ರಿಂದ 20ಕ್ಕೆ ಇಳಿಸಿದರೆ ಶಾಖ ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ.

ಕಂಟ್ರೋಲರ್‌ನ ಜೋಡಣೆಯಲ್ಲಿ ಕೆಲವು ಸಂಗತಿಗಳಿಗೆ ಕ್ಷಮೆಯಿಲ್ಲ. ಬ್ಯಾಟರಿಯ ಕೆಂಪು-ಕಪ್ಪು ಅದಲುಬದಲಾದರೆ, ಅಥವಾ ಬ್ಯಾಟರಿಯ ವೈರ್‌ಗಳು ಮೋಟಾರಿನ ಕಡೆಗೆ ಸೇರಿದರೆ, ಕಂಟ್ರೋಲರ್ ಹಾಳಾಗುತ್ತದೆ. ಟಾಲನ್ ಎಸ್‌ಆರ್‌ಎಕ್ಸ್ ಎಂಬ ಇನ್ನೊಂದು ಕಂಟ್ರೋಲರ್‌ನಲ್ಲಿ ಮೋಟಾರಿನ ಕಡೆಯ ವೈರ್‌ಗಳು ಬಿಳಿ ಮತ್ತು ಹಸಿರು ಆಗಿರುವುದರಿಂದ ಕಣ್ಣಿಗೆ ಕೂಡಲೇ ವ್ಯತ್ಯಾಸ ತಿಳಿಯುತ್ತದೆ. ಸ್ಪಾರ್ಕ್ ಮ್ಯಾಕ್ಸ್‌ನಲ್ಲಿ ಮೋಟಾರಿನ ಕಡೆಯ ಮೂರು ವೈರ್‌ಗಳಲ್ಲಿ ಒಂದು ಕೆಂಪು, ಒಂದು ಕಪ್ಪು, ಇನ್ನೊಂದು ಬಿಳಿ. ವಿನ್ಯಾಸದಲ್ಲಿ ನನಗೆ ಒಪ್ಪಿಗೆಯಾಗದ ಅಂಶ ಇದೊಂದೇ. ಮೋಟಾರ್ ಕಡೆಗೆ ಮಾತ್ರ ಬಣ್ಣದ ಟೇಪು ಸುತ್ತಿಟ್ಟರೆ ಗೊಂದಲ ತಪ್ಪುತ್ತದೆ. ಇನ್ನೊಂದು ಮಾತು: ಬ್ರಷ್‌ಲೆಸ್ ಮೋಟಾರಿಗೆ ಬ್ರಷ್ ಮೋಡ್‌ನಲ್ಲಿ ಕರೆಂಟ್ ಕೊಡಬಾರದು. ಕಂಟ್ರೋಲರ್‌ನ ದೀಪ ಮೋಡ್ ಯಾವುದೆಂದು ಬಣ್ಣದಿಂದಲೇ ಹೇಳುತ್ತದೆ. ಬ್ರಷ್‌ಲೆಸ್ ಆಗಿದ್ದರೆ ತಿಳಿ ನೀಲಿ-ಹಸಿರು ಅಥವಾ ಮೆಜೆಂಟಾ, ಬ್ರಷ್ ಆಗಿದ್ದರೆ ನೀಲಿ ಅಥವಾ ಹಳದಿ. ಮೊದಲ ಸಲ ವಿದ್ಯುತ್ ಕೊಟ್ಟಾಗ ಮೋಟಾರಿನ ವೈರ್ ಬಿಚ್ಚಿಟ್ಟು ದೀಪ ನೋಡಿಕೊಂಡ ಮೇಲೆ ಮುಂದುವರಿಯುವುದು ಕ್ಷೇಮ. ನಿಯೋ ಮೋಟಾರಿನ ಸೆನ್ಸರ್ ಕೇಬಲ್‌ನ ತುದಿ ಚಿಕ್ಕದು, ಅದು ಸ್ವಲ್ಪ ಹೊರಬಂದರೂ ಮೋಟಾರ್ ತಿರುಗುವುದಿಲ್ಲ. ಯಂತ್ರ ಅಲುಗಿದಾಗ ಕೇಬಲ್ ಎಳೆಯದಂತೆ ಕಂಟ್ರೋಲರ್‌ನ ಹತ್ತಿರವೇ ಟೈ ಹಾಕಿ ಬಿಗಿಯಬೇಕು.

ಕ್ಯಾನ್ ವೈರ್‌ಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹಳದಿ ಮತ್ತು ಹಸಿರು ಹೆಣೆದುಕೊಂಡಿರಲಿ, ಸರಪಳಿಯ ಎರಡು ತುದಿಯಲ್ಲೂ 120 ಓಮ್ ಇರಲಿ, ವಿದ್ಯುತ್ ಆರಿಸಿ ಮಲ್ಟಿಮೀಟರ್ ಹಿಡಿದರೆ ಸುಮಾರು 60 ಓಮ್ ಬರಬೇಕು. ಸ್ಪಾರ್ಕ್ ಮ್ಯಾಕ್ಸ್‌ನಲ್ಲಿ ಕ್ಯಾನ್ ಪ್ಲಗ್ ಕಳಚಿದರೆ ಅದರ ಮುಂದಿನ ಕಂಟ್ರೋಲರ್‌ಗಳೆಲ್ಲ ಮೌನವಾಗುತ್ತವೆ ಎಂಬುದನ್ನು ಗಮನದಲ್ಲಿಟ್ಟು ಆ ಪ್ಲಗ್‌ಗೂ ಭದ್ರತೆ ಒದಗಿಸಬೇಕು.

ಈ ಮೂರು ವಸ್ತುಗಳನ್ನು ಎಷ್ಟೇ ಚೆನ್ನಾಗಿ ಆರಿಸಿದರೂ ಅವುಗಳ ಹಿಂದಿರುವ ಮುಖ್ಯ ದಾರಿ ದುರ್ಬಲವಾಗಿದ್ದರೆ ಉಪಯೋಗವಿಲ್ಲ. ಬ್ಯಾಟರಿ 12 ವೋಲ್ಟ್‌ನ ಮುಚ್ಚಿದ ಲೆಡ್-ಆಸಿಡ್ ಬ್ಯಾಟರಿ, ಸುಮಾರು 18 ಆಂಪಿಯರ್-ಅವರ್ ಸಾಮರ್ಥ್ಯದ್ದು. ಅದರಿಂದ ಆ್ಯಂಡರ್ಸನ್ ಎಸ್‌ಬಿ50 ಕನೆಕ್ಟರ್ ಮೂಲಕ 6 ಗೇಜ್ ವೈರ್‌ಗಳು ಹೊರಟು, ಕೆಂಪು ಗುಂಡಿಯ 120 ಆಂಪಿಯರ್ ಮುಖ್ಯ ಬ್ರೇಕರ್ ದಾಟಿ ಹಬ್ಬಿಗೆ ಬರುತ್ತವೆ. ಹಬ್‌ನಲ್ಲಿ 20 ಕವಲುಗಳಿಗೆ ತಲಾ 40 ಎಂದರೆ ಒಟ್ಟು 800 ಆಂಪಿಯರ್. ಅದರ ಹಿಂದೆ 120ರ ಬ್ರೇಕರ್ ಒಂದೇ ಹೇಗೆ ಸಾಕಾಗುತ್ತದೆ ಎಂಬ ಸಂದೇಹ ಸಹಜ. ಎಲ್ಲ ಮೋಟಾರ್‌ಗಳೂ ಒಟ್ಟಿಗೆ ಪೂರ್ತಿ ಹೊರೆ ಎಳೆಯುವುದಿಲ್ಲ ಎಂಬುದು ಒಂದು ಉತ್ತರ, ಇದೂ ಶಾಖದಿಂದಲೇ ಕೆಲಸ ಮಾಡುವ ಬ್ರೇಕರ್ ಎಂಬುದು ಇನ್ನೊಂದು. ಆದರೆ ಇದು ತಾನಾಗಿ ಕೂಡಿಕೊಳ್ಳುವ ಜಾತಿಯದಲ್ಲ. ಒಮ್ಮೆ ಟ್ರಿಪ್ ಆದರೆ ಕೈಯಿಂದಲೇ ಮತ್ತೆ ಕೂಡಿಸಬೇಕು, ಪಂದ್ಯದ ನಡುವೆ ಅದಾದರೆ ರೋಬೋಟ್ ಅಲ್ಲೇ ನಿಂತಂತೆ. ಎದುರಾಳಿಯ ರೋಬೋಟ್ ತಾಗಿ ಕೆಂಪು ಗುಂಡಿ ಒತ್ತಿಹೋದರೂ ಅದೇ ಗತಿ. ಕೈಗೆ ಸಿಗುವಂತೆ, ಆದರೆ ಡಿಕ್ಕಿಗೆ ಸಿಗದಂತೆ ಅದನ್ನು ಕೂರಿಸುವುದು ಈ ಇಡೀ ಕೆಲಸದ ಅತಿ ಕಷ್ಟದ ಭಾಗವೆಂದು ನನಗೆ ಅನಿಸುತ್ತದೆ, ಚಾಸಿಯ ನಕ್ಷೆ ಬರೆಯುವವರು ಇದನ್ನು ಕೊನೆಗೆ ಬಿಡುವುದೇ ಹೆಚ್ಚು.

ಮುಖ್ಯ ದಾರಿಯ ಬೋಲ್ಟುಗಳು ಮತ್ತು ಲಗ್‌ಗಳ, ಅಂದರೆ ಬೋಲ್ಟಿಗೆ ಬಿಗಿಯಲು ವೈರಿನ ತುದಿಗೆ ಹಾಕುವ ಲೋಹದ ಬಳೆಗಳ, ವಿಷಯಕ್ಕೆ ಬಂದರೆ, ಲೆಕ್ಕ ಬಹಳ ನಿಷ್ಠುರವಾಗಿದೆ. ಆರೋಗ್ಯವಾಗಿರುವ ಬ್ಯಾಟರಿಯ ಒಳರೋಧ 15 ಮಿಲಿಓಮ್ ಎಂದೂ, ಆರಂಭದ ವೋಲ್ಟೇಜ್ 12.6 ಎಂದೂ ಇಟ್ಟುಕೊಳ್ಳೋಣ. ರೋಬೋಟ್‌ನ ಮುಖ್ಯ ಕಂಪ್ಯೂಟರ್ ಆದ ಮೊದಲ ತಲೆಮಾರಿನ ರೋಬೊರಿಯೊ, ವೋಲ್ಟೇಜ್ 6.3ಕ್ಕೆ ಇಳಿದಾಗ ಮೋಟಾರ್ ಔಟ್‌ಪುಟ್‌ಗಳನ್ನು ನಿಲ್ಲಿಸಿಬಿಡುತ್ತದೆ. ಬ್ಯಾಟರಿಯ ರೋಧವೊಂದನ್ನೇ ಪರಿಗಣಿಸಿದರೆ ಆ ಸ್ಥಿತಿ ಬರುವುದು 420 ಆಂಪಿಯರ್‌ಗೆ. ಲಗ್‌ನ ಕ್ರಿಂಪ್ ಸರಿಯಿಲ್ಲದೆ, ಬೋಲ್ಟ್ ಅರ್ಧ ತಿರುವು ಸಡಿಲವಾಗಿ, ಕೇವಲ 5 ಮಿಲಿಓಮ್ ಸೇರಿಕೊಂಡರೆ ಅದೇ ಸ್ಥಿತಿ 315 ಆಂಪಿಯರ್‌ಗೇ ಬಂದುಬಿಡುತ್ತದೆ. ನೂರಕ್ಕೂ ಹೆಚ್ಚು ಆಂಪಿಯರ್‌ಗಳಷ್ಟು ಶಕ್ತಿ ಒಂದು ಸಡಿಲ ಬೋಲ್ಟಿನಲ್ಲಿ ಕಳೆದುಹೋಯಿತು. 150 ಆಂಪಿಯರ್ ಹರಿಯುವಾಗ ಆ 5 ಮಿಲಿಓಮ್‌ನಲ್ಲಿ ಹುಟ್ಟುವ ಶಾಖ 112 ವಾಟ್, ಅದು ಸಾಮಾನ್ಯ ಬೆಸುಗೆ ಕಡ್ಡಿಯದಕ್ಕಿಂತ ಹೆಚ್ಚು. ಇಂಥ ಶಾಖ ಮುಖ್ಯ ಬ್ರೇಕರ್‌ನ ತಿರುಪಿನಲ್ಲೇ ಹುಟ್ಟಿದರೆ ಅದು ಒಳಗಿನ ಲೋಹದ ಪಟ್ಟಿಗೂ ತಲಪಿ, ಕರೆಂಟ್ ಮಿತಿಯೊಳಗಿದ್ದರೂ ಬ್ರೇಕರ್ ಟ್ರಿಪ್ ಆಗುವಂತೆ ಮಾಡುತ್ತದೆ. ಹಬ್‌ನಲ್ಲಿ ಕವಲುಗಳಿಗೆ ಲಿವರ್ ಕೊಟ್ಟಿದ್ದರೂ ಬ್ಯಾಟರಿಯ ಕಡೆ ಲಗ್ ಮತ್ತು ಬೋಲ್ಟನ್ನೇ ಉಳಿಸಿರುವುದು ಸರಿಯಾದ ನಿರ್ಧಾರ. ಸ್ಪಾನರ್ ಹಿಡಿದು ಪ್ರತಿ ಪಂದ್ಯಕ್ಕೂ ಮುಂಚೆ ಅದನ್ನು ನೋಡುವ ಕೆಲಸ ಮಾತ್ರ ತಂಡದ ಪಾಲಿಗೇ ಉಳಿಯುತ್ತದೆ.

ಕೊಳ್ಳಬೇಕೇ ಎಂಬ ಪ್ರಶ್ನೆಗೆ ಉತ್ತರ ರೋಬೋಟ್‌ನ ಮೇಲೆ ನಿಂತಿದೆ. ಆರು ಅಥವಾ ಎಂಟು ಬ್ರಷ್ ಮೋಟಾರ್‌ಗಳ ಸರಳ ಯಂತ್ರ ಕಟ್ಟುವ, ಹಳೆಯ ಪ್ಯಾನೆಲ್ ಮತ್ತು ಟಾಲನ್ ಅಥವಾ ವಿಕ್ಟರ್ ಕಂಟ್ರೋಲರ್‌ಗಳನ್ನು ಈಗಾಗಲೇ ಹೊಂದಿರುವ ತಂಡ, ಆ ವರ್ಷದ ನಿಯಮಗಳು ಅವನ್ನು ಒಪ್ಪುವವರೆಗೆ, ಬದಲಾಯಿಸುವ ಅಗತ್ಯವಿಲ್ಲ. ಆ ಹಣವನ್ನು ಒಳ್ಳೆಯ ಕ್ರಿಂಪ್ ಉಪಕರಣಕ್ಕೂ ಹೊಸ ಬ್ಯಾಟರಿಗೂ ಹಾಕುವುದು ಮೇಲು. ಸ್ವರ್ವ್ ಡ್ರೈವ್‌ಗೆ ಹೋಗುವ, ನಿಯೋ ಮೋಟಾರ್‌ಗಳನ್ನು ಬಳಸುವ ತಂಡಕ್ಕೆ ಈ ಹಬ್ ಮತ್ತು ಸ್ಪಾರ್ಕ್ ಮ್ಯಾಕ್ಸ್‌ಗಳನ್ನು ನಿಸ್ಸಂಕೋಚವಾಗಿ ಸೂಚಿಸುತ್ತೇನೆ. ಬ್ರೇಕರ್‌ಗಳನ್ನು ಕೊಳ್ಳುವಾಗ 40ರವನ್ನು ಡ್ರೈವ್‌ಗೆ ಬೇಕಾದಷ್ಟು, 30 ಮತ್ತು 20ರವನ್ನು ಉಳಿದ ಯಂತ್ರಭಾಗಗಳ ವೈರಿಗೆ ತಕ್ಕಂತೆ ತೆಗೆದುಕೊಂಡು, ಪ್ರತಿಯೊಂದರಲ್ಲೂ ಕೆಲವನ್ನು ಹೆಚ್ಚುವರಿಯಾಗಿ ಇಟ್ಟುಕೊಳ್ಳಬೇಕು. ಅನೇಕ ಸಲ ಟ್ರಿಪ್ ಆದ ಬ್ರೇಕರ್ ಹೊರಗಿನಿಂದ ಹೊಸದರಂತೆಯೇ ಕಂಡರೂ ಒಳಗಿನ ಪಟ್ಟಿ ದಣಿದು ಮೊದಲಿಗಿಂತ ಕಡಿಮೆ ಕರೆಂಟಿಗೇ ಕಡಿಯತೊಡಗಬಹುದು. ಅಂಥವನ್ನು ಗುರುತು ಹಾಕಿ ಅಭ್ಯಾಸದ ರೋಬೋಟ್‌ಗೆ ಮೀಸಲಿಟ್ಟು, ಸ್ಪರ್ಧೆಯ ರೋಬೋಟ್‌ನಲ್ಲಿ ಹೊಸವನ್ನೇ ಕೂರಿಸಬೇಕು.